ಬಸ್ಸಿನಲ್ಲಿ ವಾಂತಿ ಮಾಡುವ ಹುಡುಗಿ ಬಾಹ್ಯಾಕಾಶಕ್ಕೆ ಹೋಗಬಹುದೇ?

ಪ್ರಶ್ನೆ: ನಾವು ಗದಗ ಜಿಲ್ಲೆಯವರು. ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದಾಗಿನಿಂದ ತಾನೂ ಗಗನಯಾತ್ರಿಯಾಗಬೇಕೆಂದು ಪಟ್ಟು ಹಿಡಿದಿದ್ದಾಳೆ. ಆದರೆ ಬಸ್ ಹತ್ತಿದರೆ ಅವಳಿಗೆ ವಾಂತಿ. ಶಾಲೆಯ ಪ್ರವಾಸಕ್ಕೆ ಹುಬ್ಬಳ್ಳಿಯ ಮೇಲೆ ಅಂಕೋಲೆಗೆ ಹೋದಾಗ ಅರಬೈಲ್ ಘಟ್ಟದಲ್ಲಿ ಅವಳಿಗಾಗಿ ಬಸ್ ನಿಲ್ಲಿಸಬೇಕಾಯಿತಂತೆ. ‘ಅಂಕೋಲೆಗೇ ಹೋಗಲಾರದವಳು ಆಕಾಶಕ್ಕೆ ಹೋಗುತ್ತಾಳಂತೆ’ ಎಂದು ಜೊತೆಯವರು ಛೇಡಿಸುತ್ತಿದ್ದಾರೆ. ಗಗನಯಾತ್ರಿಗಳಿಗೂ ವಾಂತಿಯಾಗುತ್ತದೆ ಎಂದು ಅವಳ ವಿಜ್ಞಾನ ಶಿಕ್ಷಕರು ಸಮಾಧಾನ ಹೇಳಿದ್ದಾರೆ. ಇದು ನಿಜವೇ? ಗುರುತ್ವಾಕರ್ಷಣೆಯೇ ಇಲ್ಲದ ಕಡೆ ವಾಂತಿ ಹೊರಗೆ ಬರುವುದಾದರೂ ಹೇಗೆ? ಬಸ್ಸಿನ ವಾಂತಿಗೆ ಏನು ಮಾಡಬೇಕು?

ಉತ್ತರ: ಶಿಕ್ಷಕರು ಹೇಳಿದ್ದು ಬರೀ ಸಮಾಧಾನದ ಮಾತಲ್ಲ, ನಿಜವೇ. ಅಮೆರಿಕದ ಸ್ಪೇಸ್ ಶಟಲ್ ಹಾರುತ್ತಿದ್ದ ಕಾಲದಲ್ಲಿ ಮೊದಲ ಸಲ ಮೇಲೆ ಹೋದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರಿಗೆ ಈ ತೊಂದರೆ ಕಾಣಿಸಿಕೊಂಡಿತ್ತು. ಕೆಲವರಿಗೆ ಹೊಟ್ಟೆ ತೊಳಸಿದಂತಾಗಿ ಅಲ್ಲಿಗೇ ಮುಗಿದರೆ, ಕೆಲವರು ಎರಡು ದಿನ ಮೂಲೆ ಹಿಡಿದು ಮಲಗಿದ್ದಾರೆ. ಇವರೆಲ್ಲ ಸಾವಿರಾರು ಜನರಲ್ಲಿ ಆರಿಸಿ ತೆಗೆದವರು, ಹಲವರು ಯುದ್ಧವಿಮಾನ ಹಾರಿಸಿ ಪಳಗಿದ ಗಟ್ಟಿ ಆಳುಗಳು ಎಂಬುದನ್ನು ಛೇಡಿಸುವ ಹುಡುಗರಿಗೆ ತಿಳಿಸಿ.

ಈ ಪಟ್ಟಿಯ ಮೊದಲ ಹೆಸರು ಗೆರ್ಮನ್ ಟಿಟೋವ್. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ 108 ನಿಮಿಷಗಳಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಬಂದಾಗ ಇಂಥ ದೂರು ಏನೂ ಇರಲಿಲ್ಲ. ಅದೇ ವರ್ಷ ಆಗಸ್ಟ್ 6ರಂದು ವೋಸ್ಟೋಕ್-2 ನೌಕೆಯಲ್ಲಿ ಹೋದ ಟಿಟೋವ್ 25 ಗಂಟೆಗೂ ಹೆಚ್ಚು ಕಾಲ ಮೇಲಿದ್ದು 17 ಸುತ್ತು ಹಾಕಿದರು. ಆಗ ಅವರಿಗೆ ಇನ್ನೂ 26 ತುಂಬಿರಲಿಲ್ಲ. ಕಕ್ಷೆ ಸೇರುತ್ತಿದ್ದಂತೆ ತಾನು ತಲೆಕೆಳಗಾಗಿ ಕುಳಿತಿದ್ದೇನೆ ಎಂಬ ಭ್ರಮೆ ಅವರನ್ನು ಹಿಡಿಯಿತು. ಆಮೇಲೆ ಹೊಟ್ಟೆ ತೊಳಸಿತು, ತಿಂದದ್ದು ಹೊರಗೆ ಬಂತು. ಒಂದು ನಿದ್ದೆ ತೆಗೆದು ಎದ್ದ ಮೇಲೆ ಸ್ವಲ್ಪ ಹಗುರವಾಯಿತು. ಬಾಹ್ಯಾಕಾಶದಲ್ಲಿ ಇಡೀ ಒಂದು ದಿನ ಕಳೆದ ಮೊದಲ ಮನುಷ್ಯ, ಅಲ್ಲಿ ಮೊದಲು ವಾಂತಿ ಮಾಡಿಕೊಂಡ ಮನುಷ್ಯ, ಇಬ್ಬರೂ ಅವರೇ.

ವಿಚಿತ್ರವೆಂದರೆ ಅಮೆರಿಕದ ಮರ್ಕ್ಯುರಿ, ಜೆಮಿನಿ ಯಾತ್ರೆಗಳಲ್ಲಿ ಈ ಕಾಟದ ಸುದ್ದಿಯೇ ಇರಲಿಲ್ಲ. ನಮ್ಮವರಿಗೆ ಇದೆಲ್ಲ ಆಗುವುದಿಲ್ಲ ಎಂದು ಅಲ್ಲಿನವರು ಬೀಗಿರಲೂಬಹುದು. ಆದರೆ ಆ ನೌಕೆಗಳಲ್ಲಿ ಕುರ್ಚಿ ಬಿಟ್ಟು ಕದಲಲು ಜಾಗವೇ ಇರಲಿಲ್ಲ. ಒಳಗೆ ತೇಲಾಡುವಷ್ಟು ಜಾಗವಿದ್ದ ಅಪೊಲೊ ನೌಕೆ ಬಂದದ್ದೇ ತಡ, 1968ರ ಡಿಸೆಂಬರಿನಲ್ಲಿ ಚಂದ್ರನತ್ತ ಹೊರಟ ಅಪೊಲೊ-8ರ ನಾಯಕ ಫ್ರಾಂಕ್ ಬೋರ್ಮನ್ ವಾಂತಿ ಮಾಡಿಕೊಂಡರು. ಮರುವರ್ಷ ಮಾರ್ಚಿನಲ್ಲಿ ಅಪೊಲೊ-9ರ ರಸ್ಟಿ ಶ್ವೈಕಾರ್ಟ್ ಅವರಿಗೆ ಎಷ್ಟು ಕಾಡಿತೆಂದರೆ ಅವರ ಬಾಹ್ಯಾಕಾಶ ನಡಿಗೆಯನ್ನೇ ಮೊಟಕುಗೊಳಿಸಬೇಕಾಯಿತು. ಇದರಿಂದ ಒಂದು ಸಂಗತಿ ಸ್ಪಷ್ಟವಾಯಿತು. ತೂಕವಿಲ್ಲದ ಜಾಗದಲ್ಲಿ ಸುಮ್ಮನೆ ಕುಳಿತರೆ ಅಷ್ಟಾಗಿ ಏನೂ ಆಗುವುದಿಲ್ಲ. ಅಲ್ಲಿ ತಲೆ ಆಡಿಸಿದರೆ ತೊಂದರೆ ಶುರು.

ತಲೆ ಆಡಿಸುವುದಕ್ಕೂ ಹೊಟ್ಟೆಗೂ ಏನು ಸಂಬಂಧ ಎಂದು ಕೇಳಿದರೆ ಉತ್ತರ ಕಿವಿ–ಮೂಗು–ಗಂಟಲಿನ ವೈದ್ಯನಾದ ನನ್ನ ಕಸುಬಿನ ಅಂಗಳದಲ್ಲೇ ಇದೆ, ಒಳಕಿವಿಯಲ್ಲಿ. ಕಿವಿ ಇರುವುದು ಕೇಳುವುದಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಕಿವಿಯ ಅರ್ಧ ಕೆಲಸ ಮಾತ್ರ. ಕೇಳಿಸುವ ಭಾಗಕ್ಕೆ ಅಂಟಿಕೊಂಡೇ ಮೂರು ಅರೆವರ್ತುಲ ನಾಳಗಳಿವೆ. ಒಂದಕ್ಕೊಂದು ಅಡ್ಡಡ್ಡವಾಗಿ ನಿಂತ ಈ ನಾಳಗಳಲ್ಲಿ ದ್ರವ ತುಂಬಿರುತ್ತದೆ. ತಲೆ ಯಾವ ದಿಕ್ಕಿಗೆ ತಿರುಗಿತು ಎಂಬ ಸುದ್ದಿಯನ್ನು ಮಿದುಳಿಗೆ ಕೊಡುವುದು ಇವುಗಳ ಕೆಲಸ. ಇವುಗಳ ಬುಡದಲ್ಲಿ ಎರಡು ಪುಟ್ಟ ಚೀಲಗಳಿವೆ. ಚೀಲದೊಳಗೆ ಲೋಳೆಯಂಥ ಒಂದು ಹಾಸು, ಹಾಸಿನ ಮೇಲೆ ಸುಣ್ಣದ ಹರಳುಗಳು. ಸುಣ್ಣದ ಕಲ್ಲು ಯಾವ ವಸ್ತುವೋ ಇವೂ ಅದೇ ಕ್ಯಾಲ್ಸಿಯಂ ಕಾರ್ಬೋನೇಟ್. ಗಾತ್ರ ಮಾತ್ರ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು, ಬರಿಗಣ್ಣಿಗೆ ಕಾಣುವಂಥದ್ದಲ್ಲ. ನೀವು ತಲೆ ಬಗ್ಗಿಸಿದಾಗ ಈ ಹರಳುಗಳು ತಮ್ಮ ಭಾರಕ್ಕೆ ಮುಂದಕ್ಕೆ ಜಾರಿ ಕೆಳಗಿನ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತವೆ. ‘ಕೆಳಗು’ ಎಂದರೆ ಯಾವ ಕಡೆ ಎಂಬುದು ಕಣ್ಣು ಮುಚ್ಚಿಕೊಂಡಿದ್ದರೂ ನಿಮಗೆ ಗೊತ್ತಾಗುವುದು ಹೆಚ್ಚಾಗಿ ಇದರಿಂದಲೇ.

ಭೂಮಿಯ ಮೇಲೆ ತಲೆ ಬಗ್ಗಿಸಿದರೆ ನಾಳಗಳು ‘ತಿರುಗಿತು’ ಎನ್ನುತ್ತವೆ, ಹರಳುಗಳು ‘ವಾಲಿತು’ ಎನ್ನುತ್ತವೆ, ಕಣ್ಣು ಎರಡಕ್ಕೂ ಹೌದೆನ್ನುತ್ತದೆ. ಹುಟ್ಟಿದಂದಿನಿಂದ ಮಿದುಳು ನಂಬಿಕೊಂಡು ಬಂದ ಲೆಕ್ಕ ಇದು. ಕಕ್ಷೆಯಲ್ಲಿ ಹರಳಿಗೆ ಭಾರವೇ ಇಲ್ಲ. ತಲೆ ಬಗ್ಗಿಸಿದರೆ ನಾಳಗಳು ಎಂದಿನಂತೆ ‘ತಿರುಗಿತು’ ಎಂದು ವರದಿ ಕಳಿಸುತ್ತವೆ, ಹರಳುಗಳು ವಾಲಿದ ಸುದ್ದಿಯನ್ನೇ ಎತ್ತುವುದಿಲ್ಲ. ಕಣ್ಣಿನ ಮುಂದೆ ಸಹಯಾತ್ರಿಯೊಬ್ಬ ತಲೆಕೆಳಗಾಗಿ ತೇಲಿ ಬಂದರಂತೂ ಇದ್ದ ‘ಮೇಲು–ಕೆಳಗು’ ಕೂಡ ಅದಲುಬದಲು. ಒಂದೇ ಹೊಲಕ್ಕೆ ಎರಡು ಪಹಣಿ, ಎರಡರಲ್ಲೂ ಬೇರೆ ಬೇರೆ ಹೆಸರು ಎಂದರೆ ತಹಶೀಲ್ದಾರರು ಏನು ಮಾಡಿಯಾರು? ಮಿದುಳಿನದೂ ಅದೇ ಫಜೀತಿ. ಅರಬೈಲ್ ಘಟ್ಟದಲ್ಲಿ ನಿಮ್ಮ ಮಗಳಿಗೆ ಆದದ್ದೂ ಇಂಥದ್ದೇ, ಸುದ್ದಿ ಕೊಡುವವರ ಪಾತ್ರ ಮಾತ್ರ ಬೇರೆ. ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿದ್ದ ಕಣ್ಣು ‘ಎಲ್ಲವೂ ನಿಂತಲ್ಲೇ ಇದೆ’ ಎಂದಿತು. ಒಳಕಿವಿ ‘ಎಡಕ್ಕೆ ತಿರುಗಿದೆವು, ಬಲಕ್ಕೆ ತಿರುಗಿದೆವು, ಜಗ್ಗಿದಂತಾಯಿತು’ ಎನ್ನುತ್ತಲೇ ಇತ್ತು.

ಈ ಜಗಳಕ್ಕೆ ಹೊಟ್ಟೆ ಯಾಕೆ ದಂಡ ಕಟ್ಟಬೇಕು ಎಂಬುದಕ್ಕೆ ಒಂದು ಜಾಣ ಊಹೆ ಇದೆ. ವಿಷಕಾಯಿ ತಿಂದಾಗ ಕಣ್ಣು–ಕಿವಿಯ ಹೊಂದಾಣಿಕೆ ಕೆಡುತ್ತದೆ. ಹೀಗಾಗಿ ಹೊಂದಾಣಿಕೆ ಕೆಟ್ಟಾಗಲೆಲ್ಲ ಮಿದುಳು ವಿಷವಿರಬಹುದೆಂದು ಬಗೆದು ಹೊಟ್ಟೆಯನ್ನು ಖಾಲಿ ಮಾಡಿಸುತ್ತದೆ ಎನ್ನುತ್ತಾರೆ. ಇದನ್ನು ಸಾಬೀತು ಮಾಡುವುದು ಕಷ್ಟ, ಕೇಳಲು ಚೆನ್ನಾಗಿದೆ. ಮೇಲೆ ಹೋದಾಗ ಕಾಲಿನ ಕಡೆಯ ದ್ರವ ತಲೆಗೆ ಏರಿ ಮುಖ ಊದಿಕೊಳ್ಳುವುದೇ ಕಾರಣ ಎಂದು ವಾದಿಸುವವರೂ ಇದ್ದಾರೆ. ನನಗೆ ಆ ವಾದ ಪೂರ್ತಿ ಒಪ್ಪಿಗೆಯಾಗಿಲ್ಲ. ಬರೀ ದ್ರವದ ಏರಿಕೆಯೇ ಕಾರಣವಾಗಿದ್ದರೆ ತಲೆ ಆಡಿಸದೆ ಕುಳಿತವರೂ ಅಷ್ಟೇ ನರಳಬೇಕಿತ್ತು.

ಕಿವಿಯೇ ಮೂಲ ಎನ್ನುವುದಕ್ಕೆ ಬಲವಾದ ಸಾಕ್ಷಿ ಹಡಗೊಂದರಲ್ಲಿ ಸಿಕ್ಕಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ವಿಜ್ಞಾನಿಗಳು ಗ್ಯಾಲಡೆಟ್ ಕಾಲೇಜಿನ ಹನ್ನೊಂದು ಮಂದಿ ಕಿವುಡರನ್ನು ಪ್ರಯೋಗಗಳಿಗೆ ಆರಿಸಿಕೊಂಡರು. ಹೆಚ್ಚಿನವರು ಚಿಕ್ಕಂದಿನಲ್ಲಿ ಮಿದುಳು ಪೊರೆಯ ಉರಿಯೂತಕ್ಕೆ ತುತ್ತಾಗಿ ಕೇಳುವ ಶಕ್ತಿಯ ಜೊತೆಗೆ ಒಳಕಿವಿಯ ಸಮತೋಲನವನ್ನೂ ಕಳೆದುಕೊಂಡಿದ್ದವರು. ಇವರನ್ನು ಗಿರಗಿರನೆ ತಿರುಗುವ ಕೋಣೆಯಲ್ಲಿ ಕೂರಿಸಿದರು, ವಿಮಾನದಲ್ಲಿ ಎತ್ತಿ ಇಳಿಸಿದರು. ಏನೂ ಆಗಲಿಲ್ಲ. ಕೊನೆಗೆ ಕೆನಡಾದ ನೋವಾ ಸ್ಕೋಶಿಯಾ ಬಳಿ ಅಬ್ಬರದ ಕಡಲಿನಲ್ಲಿ ಹಡಗು ಹತ್ತಿಸಿದರು. ಅಲ್ಲಿ ಈ ಹನ್ನೊಂದು ಮಂದಿ ಇಸ್ಪೀಟು ಆಡುತ್ತ ಕುಳಿತಿದ್ದರೆ, ಅವರನ್ನು ಪರೀಕ್ಷಿಸಬೇಕಾದ ವಿಜ್ಞಾನಿಗಳೇ ವಾಂತಿ ಮಾಡಿಕೊಂಡು ಮಲಗಿದ್ದರು. ನಿಮ್ಮ ಮಗಳಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ವಾಂತಿಯಾಯಿತು ಎಂದರೆ ಸಮತೋಲನದ ಅಂಗ ಜೀವಂತವಾಗಿದೆ, ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದೆ ಎಂದರ್ಥ. ಅದು ಹೇಡಿತನವೂ ಅಲ್ಲ, ‘ನಾಜೂಕು ಹೊಟ್ಟೆ’ಯೂ ಅಲ್ಲ.

ಇಲ್ಲಿ ಒಂದು ಉಪಕಥೆ, ಅದರ ಮೇಲಿನ ಪ್ರೀತಿಗಾಗಿ ಕ್ಷಮಿಸಿ. ತಲೆಸುತ್ತು ಎಂದು ಬಂದವರನ್ನು ನಾವು ತಲೆ ಸ್ವಲ್ಪ ಎತ್ತರಿಸಿ ಮಲಗಿಸಿ, ಒಂದು ಕಿವಿಗೆ 30 ಡಿಗ್ರಿಯ ತಣ್ಣನೆಯ ನೀರು, ಆಮೇಲೆ 44 ಡಿಗ್ರಿಯ ಬೆಚ್ಚನೆಯ ನೀರು ಬಿಡುತ್ತೇವೆ. ಸ್ವಲ್ಪ ಹೊತ್ತಿನಲ್ಲೇ ರೋಗಿಯ ಕಣ್ಣುಗುಡ್ಡೆಗಳು ಒಂದು ಬದಿಗೆ ಮೆಲ್ಲಗೆ ಸರಿದು ಫಕ್ಕನೆ ಹಿಂದಕ್ಕೆ ಎಗರಲು ಶುರು ಮಾಡುತ್ತವೆ. ‘ಡಾಕ್ಟರೇ, ಮಂಚ ತಿರುಗುತ್ತಿದೆ’ ಎಂದು ರೋಗಿ ಮಂಚದ ಅಂಚು ಹಿಡಿಯುತ್ತಾರೆ. ಯಾವ ಕಿವಿ ಸೋತಿದೆ ಎಂಬುದು ಹೀಗೆ ಗೊತ್ತಾಗುತ್ತದೆ. ಇದರ ವಿವರಣೆ ಕೊಟ್ಟವರು ವಿಯೆನ್ನಾದ ರಾಬರ್ಟ್ ಬಾರಾನಿ, 1914ರ ನೊಬೆಲ್ ಪ್ರಶಸ್ತಿ ಪಡೆದವರು. ಬೆಚ್ಚಗಾದ ದ್ರವ ಮೇಲೇರುತ್ತದೆ, ತಣ್ಣಗಾದದ್ದು ಕೆಳಗಿಳಿಯುತ್ತದೆ, ಆ ಹರಿವನ್ನು ನಾಳ ‘ತಿರುಗಿತು’ ಎಂದು ಓದುತ್ತದೆ ಎಂಬುದು ಅವರ ಲೆಕ್ಕ. ಹಾಗಿದ್ದರೆ ಮೇಲೇರುವುದು, ಇಳಿಯುವುದು ಯಾವುದೂ ಇಲ್ಲದ ಕಕ್ಷೆಯಲ್ಲಿ ಕಣ್ಣು ಆಡಲೇಬಾರದು. 1983ರಲ್ಲಿ ಶಟಲ್ ಹೊತ್ತೊಯ್ದ ಸ್ಪೇಸ್‌ಲ್ಯಾಬ್-1 ಎಂಬ ಪ್ರಯೋಗಾಲಯದಲ್ಲಿ ಗಗನಯಾತ್ರಿಗಳ ಕಿವಿಯನ್ನು ಬಿಸಿ ಮಾಡಿ ನೋಡಿದರೆ ಕಣ್ಣು ಆಡಿಯೇ ಆಡಿತು! ಬಾರಾನಿ ಹೇಳಿದ್ದು ಸುಳ್ಳಲ್ಲ, ಆದರೆ ಅದೊಂದೇ ಕಾರಣವಲ್ಲ ಎಂದು ಪಠ್ಯಪುಸ್ತಕಗಳು ತಿದ್ದಿಕೊಳ್ಳಬೇಕಾಯಿತು.

ಇನ್ನು ಆಯ್ಕೆಯ ಮಾತು. ನೆಲದ ಮೇಲೆ ಯಾರಿಗೆ ವಾಂತಿಯಾಗುತ್ತದೆ ಎಂಬುದನ್ನು ನೋಡಿ ಮೇಲೆ ಯಾರಿಗೆ ಆಗುತ್ತದೆ ಎಂದು ಹೇಳಲು ಬರುವುದಿಲ್ಲ. ತಿರುಗುವ ಕುರ್ಚಿ, ಎತ್ತರದಿಂದ ಧುಮುಕಿ 20–25 ಸೆಕೆಂಡು ತೂಕ ಕಳೆಯುವ ವಿಮಾನ, ಎಲ್ಲವನ್ನೂ ಬಳಸಿ ನೋಡಿದ್ದಾರೆ. ಭರವಸೆಯ ಭವಿಷ್ಯವಾಣಿ ಯಾವುದರಿಂದಲೂ ಸಿಕ್ಕಿಲ್ಲ. ವಿಲಿಯಂ ಪೋಗ್ ಅವರನ್ನೇ ನೋಡಿ. ಅಮೆರಿಕದ ವಾಯುಪಡೆಯ ಥಂಡರ್‌ಬರ್ಡ್ಸ್ ತಂಡದಲ್ಲಿ ಆಕಾಶದಲ್ಲಿ ಲಾಗ ಹಾಕಿದವರು. 1973ರ ನವೆಂಬರಿನಲ್ಲಿ ಸ್ಕೈಲ್ಯಾಬ್ ನಿಲ್ದಾಣ ಸೇರಿದ ಮೂವರಲ್ಲಿ ವಾಂತಿ ಮಾಡಿಕೊಂಡವರು ಅವರೇ. ಸಂಗಾತಿಗಳು ವಿಷಯ ಮುಚ್ಚಿಡೋಣ, ವಾಂತಿಯ ಚೀಲವನ್ನು ಕಸದ ಜೊತೆ ಸಾಗಹಾಕೋಣ ಎಂದು ಮಾತಾಡಿಕೊಂಡರು. ಒಳಗಿನ ಧ್ವನಿಮುದ್ರಣ ಯಂತ್ರ ಇದನ್ನೆಲ್ಲ ಕೇಳಿಸಿಕೊಂಡು ಭೂಮಿಗೆ ಒಪ್ಪಿಸಿತು. ಗಗನಯಾತ್ರಿಗಳ ಮುಖ್ಯಸ್ಥ ಅಲನ್ ಶೆಪರ್ಡ್ ಕೆಳಗಿನಿಂದ ಎಲ್ಲರಿಗೂ ಕೇಳುವಂತೆ ತರಾಟೆಗೆ ತೆಗೆದುಕೊಂಡರು. ಬೈದದ್ದು ವಾಂತಿಗಲ್ಲ, ಮುಚ್ಚಿಟ್ಟದ್ದಕ್ಕೆ. 1985ರ ಏಪ್ರಿಲಿನಲ್ಲಿ ಡಿಸ್ಕವರಿ ಶಟಲ್ ಏರಿದ ಸೆನೆಟರ್ ಜೇಕ್ ಗಾರ್ನ್ ಕೂಡ ಹತ್ತು ಸಾವಿರ ಗಂಟೆಗೂ ಹೆಚ್ಚು ವಿಮಾನ ಹಾರಿಸಿದ್ದವರು. ಅವರ ಪಾಡು ಎಷ್ಟು ಕೆಟ್ಟದ್ದಾಯಿತೆಂದರೆ, ನಾಸಾದಲ್ಲಿ ವಾಂತಿಯ ತೀವ್ರತೆಯನ್ನು ‘ಒಂದು ಗಾರ್ನ್’, ‘ಅರ್ಧ ಗಾರ್ನ್’ ಎಂದು ಅಳೆಯುವ ತಮಾಷೆ ಹುಟ್ಟಿಕೊಂಡಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಬರುವ ಮೊದಲು ಒಂದು ತಿದ್ದುಪಡಿ. 400 ಕಿಲೋಮೀಟರ್ ಎತ್ತರದಲ್ಲೂ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇಕಡ 90ರ ಆಸುಪಾಸು ಇರುತ್ತದೆ. ನೌಕೆ, ಅದರೊಳಗಿನ ಮನುಷ್ಯ, ಅವನ ಕಿವಿಯ ಹರಳು ಎಲ್ಲವೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ತೂಕ ತಿಳಿಯುವುದಿಲ್ಲ, ಅಷ್ಟೇ. ವಾಂತಿಗೆ ಗುರುತ್ವ ಬೇಕಾಗಿಯೂ ಇಲ್ಲ. ಹೊಟ್ಟೆಯ ಸ್ನಾಯುಗಳು ಮತ್ತು ವಪೆ (ಎದೆ–ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಒಟ್ಟಿಗೆ ಹಿಂಡಿದಾಗ ಹೊಟ್ಟೆಯಲ್ಲಿದ್ದದ್ದು ಹೊರಗೆ ಚಿಮ್ಮುತ್ತದೆ, ಮಲಗಿದ್ದವರಿಗೂ ವಾಂತಿಯಾಗುವುದು ಅದಕ್ಕೇ. ನಿಜವಾದ ಪಂಚಾಯಿತಿ ಶುರುವಾಗುವುದು ಹೊರಗೆ ಬಂದ ಮೇಲೆ. ಅದು ಕೆಳಗೆ ಬೀಳುವುದಿಲ್ಲ, ಉಂಡೆಯುಂಡೆಯಾಗಿ ತೇಲುತ್ತದೆ, ಸಿಕ್ಕಿದ್ದಕ್ಕೆ ಅಂಟುತ್ತದೆ. ಅದಕ್ಕೆಂದೇ ಪ್ರತಿಯೊಬ್ಬರ ಕೈಗೆಟಕುವಂತೆ ಚೀಲವಿರುತ್ತದೆ. ಅದರ ಬಾಯಲ್ಲಿ ಮುಖ ಒರೆಸಿಕೊಳ್ಳಲು ಬಟ್ಟೆಯ ಅಂಚು. ವಾಂತಿ ಮಾಡಿ, ಆ ಬಟ್ಟೆಯಲ್ಲೇ ಬಾಯಿ ಒರೆಸಿ, ಅದನ್ನೂ ಒಳಕ್ಕೆ ತಳ್ಳಿ, ಬಾಯಿ ಬಿಗಿದು ಇನ್ನೊಂದು ಚೀಲದಲ್ಲಿ ಹಾಕಿ ಕಸಕ್ಕೆ ಸೇರಿಸಬೇಕು. ತೇಗುವುದೂ ಅಲ್ಲಿ ಅಪಾಯದ ಕೆಲಸ. ಹೊಟ್ಟೆಯಲ್ಲಿ ಗಾಳಿ ಮೇಲೆ, ಅನ್ನ ಕೆಳಗೆ ಎಂಬ ಭಾಗವಿಲ್ಲದ್ದರಿಂದ ಗಾಳಿಯ ಜೊತೆ ಉಂಡದ್ದೂ ಬರಬಹುದು.

ಇನ್ನೊಂದು ವ್ಯತ್ಯಾಸವೂ ಇದೆ. ಬಸ್ಸಿನಲ್ಲಿ ಮೊದಲು ಮುಖ ಬಿಳಿಚಿಕೊಂಡು, ತಣ್ಣನೆಯ ಬೆವರು ಬಂದು, ಬಾಯಲ್ಲಿ ನೀರೂರಿ ನಮಗೆ ಸೂಚನೆ ಸಿಗುತ್ತದೆ. ಕಕ್ಷೆಯಲ್ಲಿ ಎಷ್ಟೋ ಸಲ ಇಂಥ ಮುನ್ಸೂಚನೆಯಿಲ್ಲದೆ ವಾಂತಿ ನುಗ್ಗಿ ಬರುತ್ತದೆ. ಹೊರಗೆ ನಡೆದಾಡುವಾಗ ಶಿರಸ್ತ್ರಾಣದೊಳಗೆ ಹೀಗಾದರೆ ಕಣ್ಣು ಮುಚ್ಚಿಹೋಗುತ್ತದೆ, ಉಸಿರಿನ ದಾರಿಗೂ ಸಿಕ್ಕೀತು. ಪ್ರಾಣಕ್ಕೇ ಕುತ್ತು. ಅದಕ್ಕಾಗಿ ಮೊದಲ ಮೂರು ದಿನ ಬಾಹ್ಯಾಕಾಶ ನಡಿಗೆ ಇಡಬಾರದೆಂಬ ರೂಢಿ ಬಂತು.

ಮೂರೇ ದಿನ ಯಾಕೆ? ಅಷ್ಟರಲ್ಲಿ ಬಹುಪಾಲು ಜನರ ಮಿದುಳು ಹೊಸ ಲೆಕ್ಕ ಕಲಿತುಬಿಡುತ್ತದೆ. ಹರಳಿನ ಮಾತಿಗೆ ಬೆಲೆ ಕಡಿಮೆ ಮಾಡಿ ಕಣ್ಣಿನ ಮಾತನ್ನು ನೆಚ್ಚಿಕೊಳ್ಳುತ್ತದೆ. 1984ರ ಏಪ್ರಿಲಿನಲ್ಲಿ ಸಲ್ಯೂತ್-7 ನಿಲ್ದಾಣದಲ್ಲಿದ್ದ ನಮ್ಮ ರಾಕೇಶ್ ಶರ್ಮಾ ಅಲ್ಲಿ ಯೋಗಾಸನ ಮಾಡಿದ್ದು ತೂಕವಿಲ್ಲದ ಸ್ಥಿತಿಗೆ ದೇಹ ಒಗ್ಗಿಕೊಳ್ಳಲು ಅದರಿಂದ ಸಹಾಯವಾದೀತೇ ಎಂದು ನೋಡುವುದಕ್ಕೆ. 2025ರ ಜೂನ್ 25ರಂದು ಹೊರಟ ಶುಭಾಂಶು ಶುಕ್ಲಾ ಕೂಡ ಕಕ್ಷೆಯಿಂದ ಮಾತಾಡುತ್ತ, ಮೊದಮೊದಲು ಅಷ್ಟೇನೂ ಚೆನ್ನಾಗಿರಲಿಲ್ಲ, ಬಹಳ ನಿದ್ದೆ ಮಾಡುತ್ತಿದ್ದೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಕೆಲವೇ ದಿನಗಳಲ್ಲಿ ಅವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದ ಪ್ರಯೋಗದ ಹೆಸರುಕಾಳು, ಮೆಂತ್ಯವನ್ನು ಮೊಳಕೆ ಬರಿಸುತ್ತಿದ್ದರು. ಮಿದುಳು ಕಲಿತದ್ದು ಎಷ್ಟು ಗಟ್ಟಿಯೆಂದರೆ, ಜುಲೈ 15ರಂದು ಮರಳಿ ಬಂದ ಮೇಲೆ ಅವರಿಗೆ ಮೊಬೈಲ್ ಕೂಡ ಭಾರವೆನಿಸಿತಂತೆ. ಲ್ಯಾಪ್‌ಟಾಪ್ ತೇಲುತ್ತದೆಂದು ಮಂಚದ ಬದಿಗೆ ಬಿಟ್ಟು ಬೀಳಿಸಿಯೂ ಬಿಟ್ಟರಂತೆ. ಮರಳಿದವರಿಗೆ ನೆಲದ ಮೇಲೆ ಇನ್ನೊಮ್ಮೆ ತಲೆಸುತ್ತು, ವಾಕರಿಕೆ ಕಾಡುವುದೂ ಉಂಟು. ಹಿಂದಿನ ಪಾಠವನ್ನು ಮಿದುಳು ಮತ್ತೆ ಕಲಿಯಬೇಕಲ್ಲ!

ನಮ್ಮ ಗಗನಯಾನದ ಯೋಜನೆ ಇರುವುದು ಮೂವರನ್ನು 400 ಕಿಲೋಮೀಟರ್ ಎತ್ತರಕ್ಕೆ ಮೂರು ದಿನಗಳ ಮಟ್ಟಿಗೆ ಕಳಿಸುವುದು. ಕಿವಿ–ಮೂಗು–ಗಂಟಲಿನ ವೈದ್ಯನಾಗಿ ನನಗೆ ಇದರಲ್ಲಿ ಕಾಣುವ ಕಷ್ಟ ಎಂದರೆ, ಮಿದುಳು ಹೊಂದಿಕೊಂಡು ಮುಗಿಸುವ ಹೊತ್ತಿಗೆ ಮರಳುವ ಹೊತ್ತೂ ಆಗಿರುತ್ತದೆ. ನೀರಿನ ಮೇಲೆ ಇಳಿಯುವ ಕೋಶದಲ್ಲಿ ಕಡಲಿನ ತೂಗಾಟ ಬೇರೆ. ಹಾಗಾಗಿ ಔಷಧ, ತಲೆಯನ್ನು ಮೆಲ್ಲಗೆ ಆಡಿಸುವ ಅಭ್ಯಾಸ, ಎಲ್ಲರೂ ಒಂದೇ ದಿಕ್ಕನ್ನು ‘ಮೇಲು’ ಎಂದು ಒಪ್ಪಿಕೊಂಡು ಕೆಲಸ ಮಾಡುವ ಶಿಸ್ತು, ಇವೆಲ್ಲ ಮೊದಲ ದಿನದಿಂದಲೇ ಬೇಕು. ಸದ್ಯಕ್ಕೆ ಇದಕ್ಕೆ ಆರಿಸಿರುವ ನಾಲ್ವರೂ ವಾಯುಪಡೆಯ ಪೈಲಟ್‌ಗಳು. ಹಾರಾಟ ಕಲಿಯುವ ತರುಣರಲ್ಲೂ ಮೊದಮೊದಲು ವಾಂತಿ ಮಾಡಿಕೊಳ್ಳುವವರು ಇದ್ದೇ ಇರುತ್ತಾರೆ. ಮತ್ತೆ ಮತ್ತೆ ಹಾರಿದಂತೆ ಹೆಚ್ಚಿನವರಿಗೆ ಒಗ್ಗುತ್ತದೆ.

ಈಗ ಬಸ್ಸಿಗೆ ಬರೋಣ. ವಾಂತಿ ಹೆಚ್ಚು ಬರಿಸುವುದು ಕುಲುಕಾಟವಲ್ಲ, ನಿಧಾನದ ತೂಗಾಟ, ಸುಮಾರು ಐದು ಸೆಕೆಂಡಿಗೊಮ್ಮೆ ಬರುವಂಥದ್ದು. ಹಾಗಾಗಿ ಗುಂಡಿ ಬಿದ್ದ ಹಳ್ಳಿ ರಸ್ತೆಗಿಂತ ನುಣ್ಣನೆಯ ಘಟ್ಟದ ರಸ್ತೆಯ ತಿರುವುಗಳೇ ಅವಳಿಗೆ ಹೆಚ್ಚು ಕಾಟ ಕೊಡುತ್ತವೆ. ಮುಂದಿನ ಸಾಲಿನಲ್ಲಿ ಕೂರಿಸಿ, ಎದುರಿನ ರಸ್ತೆಯನ್ನು ದೂರಕ್ಕೆ ನೋಡುತ್ತಿರಲಿ. ತಿರುವು ಬರುವುದು ಮೊದಲೇ ಗೊತ್ತಾಗುವುದರಿಂದಲೇ ಚಾಲಕನಿಗೆ ವಾಂತಿಯಾಗುವುದಿಲ್ಲ. ಹಿಂದಿನ ಸೀಟು ಬೇಡ, ಮೊಬೈಲ್ ಬೇಡವೇ ಬೇಡ. ನಿದ್ದೆ ಬಂದರೆ ಮಲಗಲಿ. ಬರಿಹೊಟ್ಟೆಯಲ್ಲಿ ಹೊರಡಿಸಬೇಡಿ, ಹಾಗೆಂದು ಹುಬ್ಬಳ್ಳಿಯಲ್ಲಿ ಬಸ್ ಬದಲಿಸುವಾಗ ಗಿರ್ಮಿಟ್, ಮಿರ್ಚಿ ಭಜಿ ಕೊಡಿಸಿ ಘಟ್ಟಕ್ಕೆ ಕಳಿಸುವುದೂ ಬೇಡ. ಶುಂಠಿಯಿಂದ ಕೆಲವರಿಗೆ ಗುಣ ಕಾಣುತ್ತದೆ. ನಿಂಬೆಹಣ್ಣು ಮೂಸುವುದರಲ್ಲಿ ತಪ್ಪಿಲ್ಲ, ಡೀಸೆಲ್ ವಾಸನೆಯಾದರೂ ಮರೆಯಾಗುತ್ತದೆ.

ಮಾತ್ರೆಯ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು. ಔಷಧ ಅಂಗಡಿಯಲ್ಲಿ ‘ಬಸ್ಸಿನ ವಾಂತಿಗೆ’ ಎಂದು ಕೇಳಿ ಆಂಡನ್‌ಸೆಟ್ರಾನ್ ತೆಗೆದುಕೊಂಡು ಹೋಗುವವರು ಬಹಳ. ಅದು ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಒಳ್ಳೆಯ ಔಷಧ, ಪ್ರಯಾಣದ ವಾಂತಿಗೆ ಉಪಯೋಗ ಇಲ್ಲವೆನ್ನುವಷ್ಟು ಕಡಿಮೆ. ನಮ್ಮಲ್ಲಿ ಅವೋಮಿನ್ ಹೆಸರಿನಲ್ಲಿ ಸಿಗುವುದು ಪ್ರೋಮೆಥಜೀನ್ ಎಂಬ ಔಷಧದ ಒಂದು ರೂಪ. ಬಾಹ್ಯಾಕಾಶದಲ್ಲಿ ವಾಂತಿ ನಿಲ್ಲದವರಿಗೆ ಸ್ನಾಯುವಿಗೆ ಚುಚ್ಚುತ್ತ ಬಂದಿರುವುದೂ ಈ ಪ್ರೋಮೆಥಜೀನನ್ನೇ. ಮೇಲೆ ಮಾತ್ರೆ ನುಂಗಿದರೆ ಹೊಟ್ಟೆಯಲ್ಲೇ ಕುಳಿತಿರುತ್ತದೆ ಅಥವಾ ಹೊರಗೆ ಬರುತ್ತದೆ, ಅದಕ್ಕೇ ಸೂಜಿ. ಬಸ್ಸಿಗೂ ಇದೇ ತರ್ಕ ಅನ್ವಯಿಸುತ್ತದೆ. ವಾಂತಿ ಶುರುವಾದ ಮೇಲೆ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ, ಹೊರಡುವ ಸುಮಾರು ಒಂದು ಗಂಟೆ ಮೊದಲೇ ಕೊಡಬೇಕು. ನಿದ್ದೆ ಬರಿಸುತ್ತದೆ, ಆದ್ದರಿಂದ ಪರೀಕ್ಷೆ ಬರೆಯಲು ಹೋಗುವ ದಿನ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಕೂಡದು. ನಿಮ್ಮ ಮಗಳಿಗೆ ಎಷ್ಟು ಕೊಡಬೇಕೆಂದು ಅವಳನ್ನು ನೋಡುವ ವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ.

ಪ್ರಯಾಣದ ವಾಂತಿ ಹೆಚ್ಚು ಕಾಡುವುದು ಮಕ್ಕಳಿಗೆ, ದೊಡ್ಡವರಾದಂತೆ ಹೆಚ್ಚಿನವರಲ್ಲಿ ಇಳಿಯುತ್ತದೆ. ಆದರೆ ಬಸ್ಸೇ ಹತ್ತದ ದಿನಗಳಲ್ಲೂ ತಲೆಸುತ್ತು ಬಂದರೆ, ಕಿವಿಯಲ್ಲಿ ಗುಂಯ್‌ಗುಡುವ ಸದ್ದಿದ್ದರೆ, ಕೇಳುವುದು ಮಂದವಾದರೆ ತಡಮಾಡದೆ ಕಿವಿಯ ವೈದ್ಯರಿಗೆ ತೋರಿಸಿ. ವಾಂತಿಯ ಜೊತೆ ತಲೆ ಒಂದೇ ಬದಿಗೆ ಸಿಡಿಯುವುದಿದ್ದರೆ, ಮನೆಯಲ್ಲಿ ತಾಯಿಗೋ ಅಜ್ಜಿಗೋ ಅರೆತಲೆನೋವು ಇದ್ದರೆ ಅದನ್ನೂ ಹೇಳಿ. ಅರೆತಲೆನೋವಿನ ಮನೆತನದ ಮಕ್ಕಳಲ್ಲಿ ಪ್ರಯಾಣದ ವಾಂತಿ ಹೆಚ್ಚು, ಮತ್ತು ಆಗ ಚಿಕಿತ್ಸೆಯ ದಾರಿಯೇ ಬೇರೆ.